ಬಲ್ಕಿಯಾ ಅಕ್ಕನ ನಕ್ತಿ ಸಂಖ್ಯೆ

ನಮ್ಮ ತೆರೆಂಕೋಲ್ ಊರಿನಲ್ಲಿ ಬಲ್ಕಿಯಾ ಎಂಬ ಹೆಸರಿನವರು ಇಬ್ಬರಿದ್ದಾರೆ. ಒಬ್ಬರು ಒಂಟೆ ಹಾಲಿನ ಬಲ್ಕಿಯಾ, ಇನ್ನೊಬ್ಬರು ನಕ್ತಿ ಬಲ್ಕಿಯಾ. ನಕ್ತಿ ಎಂದರೆ ನಮ್ಮ ಕಜಕ್ ಮಾತಿನಲ್ಲಿ ಖಚಿತವಾದದ್ದು, ಕರಾರುವಾಕ್ಕಾದದ್ದು, ಕೂದಲೆಳೆಯಷ್ಟೂ ಆಚೀಚೆ ಆಗದ್ದು. ಸಂತೆಯಲ್ಲಿ ಕುರಿಯ ಬೆಲೆ ಕೇಳುವಾಗ 'ಸುತ್ತಿ ಬಳಸಬೇಡ, ನಕ್ತಿ ಹೇಳು' ಎನ್ನುತ್ತೇವಲ್ಲ, ಅದೇ ನಕ್ತಿ.

ಈ ಬಿರುದು ಅವರಿಗೆ ಬಂದದ್ದು ಅಕ್ಕಿ ಗಿರಣಿಯ ಕಾಟಾದ ಮೇಲೆ. ಇಪ್ಪತ್ತೊಂಬತ್ತು ವರ್ಷ ಅವರು ಭತ್ತದ ಲಾರಿಗಳನ್ನು ತೂಗಿದರು. ಒಮ್ಮೆ ಜನವರಿಯ ಚಳಿಯಲ್ಲಿ ಸ್ವಂತ ಭಾವನ ಲಾರಿ ಬಂದಾಗ, ಸೀಟಿನ ಮೇಲಿದ್ದ ಅವನ ಕುರಿತುಪ್ಪಳದ ಕೋಟನ್ನು ಕೆಳಗಿಳಿಸದೆ ತೂಗುವುದಿಲ್ಲ ಎಂದು ಕೂತುಬಿಟ್ಟರು. 'ನಾಲ್ಕು ಕಿಲೋ ಕೋಟು ಕಣೇ, ಹೊರಗಿಟ್ರೆ ಹೆಪ್ಪುಗಟ್ಟುತ್ತೆ' ಎಂದು ಅವನು ಹಲುಬಿದ. 'ಹೆಪ್ಪುಗಟ್ಟಿದ್ರೂ ನಾಲ್ಕೇ ಕಿಲೋ ಇರುತ್ತೆ ಭಾವ, ಇಳ್ಸು' ಎಂದರಂತೆ ಇವರು. ಭಾವ ಎರಡು ವರ್ಷ ಅವರ ಮನೆಯಲ್ಲಿ ಚಹಾ ಕುಡಿಯಲಿಲ್ಲ. ಆಮೇಲೆ ಅವನ ಮಗಳ ಮದುವೆಗೆ ಮಾಂಸ ತೂಗಲು ಇವರನ್ನೇ ಕರೆದ.

ಇಂಥ ಹೆಂಗಸಿನ ಹತ್ತಿರ ನಕ್ತಿ ಅಲ್ಲದ ಒಂದು ವಸ್ತುವಿತ್ತು. ಅದು ಅವರ ದೊಂಬ್ರಾ ವಾದ್ಯದ ಕತ್ತಿನ ಮೇಲೆ ಕಟ್ಟಿದ ಒಂದು ಮೆಟ್ಟು.

ಬಲ್ಕಿಯಾ ಅಕ್ಕನ ಅಪ್ಪ ದೊಂಬ್ರಾ ಮಾಡುವವರು. ಎರಡು ತಂತಿ, ಉದ್ದನೆಯ ಕತ್ತು, ಸ್ವರಕ್ಕೊಂದರಂತೆ ಕತ್ತಿಗೆ ಸುತ್ತಿ ಗಂಟು ಹಾಕಿದ ಮೆಟ್ಟುಗಳು. ಹಿಂದೆ ಆಡಿನ ಕರುಳಿನಿಂದ ಕಟ್ಟುತ್ತಿದ್ದರು, ಈಗ ಮೀನು ಹಿಡಿಯುವ ನೈಲಾನ್ ದಾರ. ಬಲ್ಕಿಯಾ ಅಕ್ಕ ಆ ದಾರವನ್ನು ಎಷ್ಟು ಕೊಳ್ಳುತ್ತಾರೆಂದರೆ ಅಂಗಡಿಯವನು ಇಂದಿಗೂ ಅವರನ್ನು ಯಾರೋ ದೊಡ್ಡ ಬೆಸ್ತನ ಹೆಂಡತಿ ಎಂದೇ ತಿಳಿದಿದ್ದಾನೆ. ಬೆರಳು ಸಣ್ಣಗಿದ್ದುದರಿಂದ ಚಿಕ್ಕಂದಿನಲ್ಲೇ ಅಪ್ಪ ಅವರಿಗೆ ಗಂಟಿನ ಕೆಲಸ ಒಪ್ಪಿಸಿದ್ದರು. ಗಿರಣಿಯಿಂದ ನಿವೃತ್ತರಾದ ಮೇಲೆ ಅದೇ ಅವರ ಪೂರ್ತಿ ಕೆಲಸವಾಯಿತು.

ಎಲ್ಲರ ದೊಂಬ್ರಾದಲ್ಲೂ ಹತ್ತೊಂಬತ್ತು ಮೆಟ್ಟಿದ್ದರೆ ಇವರದರಲ್ಲಿ ಇಪ್ಪತ್ತು. ಆ ಹೆಚ್ಚುವರಿ ಮೆಟ್ಟಿಗೆ ಅಪ್ಪ ಇಟ್ಟ ಹೆಸರು 'ಕಶಗಾನ್'. ಹಗ್ಗಕ್ಕೆ ಸಿಗದೆ ಓಡುವ ಕುದುರೆಯನ್ನು ನಾವು ಹಾಗೆ ಕರೆಯುತ್ತೇವೆ. ಅಪ್ಪ ಕಟ್ಟಿದ ಒಂದು ರಾಗವಿದೆ, ಹೆರಿಗೆಯಲ್ಲಿ ಸತ್ತ ತಾಯಿ ಒಂಟೆಯ ಮರಿಯದ್ದು. ಅದರ ನಡುವಿನ ಅಳು ಆ ಮೆಟ್ಟಿನ ಮೇಲೆ ನಿಂತಿದೆ. ಪಕ್ಕದ ಮೆಟ್ಟಿನಲ್ಲಿ ನುಡಿಸಿದರೆ ಮರಿ ಅಳುವುದಿಲ್ಲ, ನೆಗಡಿ ಬಂದಂತೆ ಸೀನುತ್ತದೆ. ಇದು ನನ್ನ ಮಾತಲ್ಲ, ಅವರದೇ.

ಕಳೆದ ವಸಂತದಲ್ಲಿ ಜಿಲ್ಲಾ ಕೇಂದ್ರದಿಂದ ಒಂದು ಕಾಗದ ಬಂತು. ಇನ್ನು ಮುಂದೆ ಸಂಗೀತ ಶಾಲೆಯ ಮಕ್ಕಳಿಗೆಲ್ಲ ಪೀಠೋಪಕರಣದ ಕಾರ್ಖಾನೆಯಲ್ಲೇ ಒಂದೇ ನಕ್ಷೆಯ ದೊಂಬ್ರಾ ತಯಾರಾಗುತ್ತದೆ. ಮೆಟ್ಟುಗಳು ಲೋಹದವು, ಕತ್ತಿಗೆ ಕೊರೆದು ಕೂರಿಸಿದವು. ನಕ್ಷೆಗೆ ಸೇರಬೇಕಾದ ಮೆಟ್ಟು ಯಾರಲ್ಲಾದರೂ ಇದ್ದರೆ ಸಮಿತಿಯ ಮುಂದೆ ಬರಬೇಕು. ಬಲ್ಕಿಯಾ ಅಕ್ಕ ದೊಂಬ್ರಾ ಹಿಡಿದು ಹೋದರು. ಸಮಿತಿಯ ಅಧ್ಯಕ್ಷ ಸಪರ್‌ಗಾಲಿ ಒಂದು ನಮೂನೆ ಮುಂದಿಟ್ಟ. ಮೊದಲ ಕಾಲಂ, ಮೆಟ್ಟಿನ ಹೆಸರು. ಎರಡನೆಯದು, ಮೆಟ್ಟಿನ ಸ್ಥಾನ, ನಕ್ತಿ ಸಂಖ್ಯೆಯಲ್ಲಿ.

'ಕಿವಿಯಲ್ಲಿ ಕಟ್ಟೋದು ಇದನ್ನ' ಎಂದರು ಅಕ್ಕ.

'ಕಿವಿಗೆ ಕಾಲಂ ಇಲ್ಲಕ್ಕ' ಎಂದ ಸಪರ್‌ಗಾಲಿ. 'ಸಂಖ್ಯೆ ತನ್ನಿ. ಸಂಖ್ಯೆ ಇಲ್ದಿರೋ ಜಾಗ ನಕ್ಷೇಲಿ ಇರಲ್ಲ.' ಹದಿನೈದು ದಿನದ ಗಡುವು ಕೊಟ್ಟ.

ಹೀಗೆ ಅವರು ನನ್ನಲ್ಲಿಗೆ ಬಂದದ್ದು. ನಾನು ಈ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳುವವನು, ಜಿಲ್ಲಾ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ನಗೆಬರಹ ಬರೆಯುವವನು. ಪತ್ರಿಕೆ ಓದುವವರು ನನ್ನನ್ನು ಒಳ್ಳೆಯ ಗಣಿತದ ಮೇಷ್ಟ್ರೆಂದೂ, ಶಾಲೆಯವರು ಒಳ್ಳೆಯ ನಗೆಬರಹಗಾರನೆಂದೂ ಹೊಗಳುತ್ತಾರೆ. ಎಂಟನೇ ತರಗತಿಗೆ ಸಂಖ್ಯಾರೇಖೆಯ ಪಾಠ ಬಂದಾಗ ಹಲಗೆಯ ಮೇಲೆ ಒಂದು ಗೆರೆ ಎಳೆದು, 'ಈ ಗೆರೆಯ ಮೇಲಿನ ಪ್ರತಿಯೊಂದು ಚುಕ್ಕೆಗೂ ಒಂದು ಸಂಖ್ಯೆ, ಎಲ್ಲೂ ತೂತಿಲ್ಲ' ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುವುದು ನನ್ನ ಪದ್ಧತಿ. ನಮ್ಮ ಹಲಗೆಯ ನಡುವೆ ಬಿರುಕಿದೆ. ಗೆರೆ ಅಲ್ಲಿ ಪ್ರತಿ ಸಲ ತುಂಡಾಗುತ್ತದೆ. ಯಾವ ಮಗುವೂ ಇದುವರೆಗೆ ಕೇಳಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಶಿಕ್ಷಕರ ಕೋಣೆಗೆ ಬಂದು ದೊಂಬ್ರಾವನ್ನು ನನ್ನ ಊಟದ ಡಬ್ಬಿಯ ಮೇಲೆ ಮಲಗಿಸಿದರು.

'ಮೇಷ್ಟ್ರೇ, ನಂಗೊಂದು ಸಂಖ್ಯೆ ಬೇಕು.'

'ಎಂಥಾ ಸಂಖ್ಯೆ ಅಕ್ಕ?'

'ಒಳ್ಳೇದು. ನಿಮ್ಮ ಹತ್ರ ಇರೋದ್ರಲ್ಲಿ ಒಳ್ಳೇದು ಕೊಡಿ.'

ವಿಷಯ ಸರಳವಾಗಿಯೇ ಇತ್ತು. ತಂತಿಯ ಪೂರ್ತಿ ಉದ್ದ ಅರವತ್ತು ಸೆಂಟಿಮೀಟರು. ಬೆರಳಿಟ್ಟು ನಲವತ್ತಕ್ಕೆ ಮೊಟಕು ಮಾಡಿದರೆ ಇನ್ನೊಂದು ಗಟ್ಟಿ ಸ್ವರ, ಅದಕ್ಕೆ ಎಲ್ಲರ ದೊಂಬ್ರಾದಲ್ಲೂ ಮೆಟ್ಟಿದೆ. ಕಶಗಾನ್ ಈ ಎರಡರ ಸರಿಮಧ್ಯೆ ನಿಲ್ಲುವ ಸ್ವರ. ಕೆಳಗಿನಿಂದ ಅದಕ್ಕೆ ಎಷ್ಟು ಏರಬೇಕೋ ಅಲ್ಲಿಂದ ಮೇಲಕ್ಕೂ ಅಷ್ಟೇ ಏರಬೇಕು.

'ಇದಕ್ಯಾಕಕ್ಕ ಇಷ್ಟು ದೂರ ಬಂದ್ರಿ?' ಎಂದೆ, ದೊಡ್ಡ ಮನುಷ್ಯನ ಹಾಗೆ. 'ಅರವತ್ತು, ನಲವತ್ತು. ಮಧ್ಯ ಐವತ್ತು. ಬರ್ಕೊಳ್ಳಿ.'

ಅವರು ಮೆಟ್ಟನ್ನು ಐವತ್ತಕ್ಕೆ ಜರುಗಿಸಿ ಮೀಟಿದರು. ಒಡೆದ ಹಾಲು ಕುಡಿದವರ ಮುಖ ಮಾಡಿದರು. 'ಒಂಟೆ ಸೀನ್ತು ಮೇಷ್ಟ್ರೇ.'

ಇಪ್ಪತ್ತಾರು ವರ್ಷದ ಅನುಭವ ಒಂದು ಸೀನಿಗೆ ಹಾರಿಹೋಯಿತು. ಆಮೇಲೆ ಹೊಳೆಯಿತು: ಕಿವಿ ಕಳೆಯುವುದಿಲ್ಲ, ಭಾಗಿಸುತ್ತದೆ. ಅರವತ್ತು ನಮಗೆ ಬೇಕಾದ ಉದ್ದದ ಎಷ್ಟು ಪಟ್ಟೋ, ಈ ಉದ್ದ ನಲವತ್ತರ ಅಷ್ಟೇ ಪಟ್ಟಾಗಬೇಕು. ಎಂದರೆ ಈ ಉದ್ದವನ್ನು ಅದರಿಂದಲೇ ಗುಣಿಸಿದರೆ ಅರವತ್ತು ನಲವತ್ತಲ ಎರಡು ಸಾವಿರದ ನಾನೂರು ಬರಬೇಕು. ಅಕ್ಕ ಕಿವಿಗೊಟ್ಟು ಕೇಳುತ್ತ ಮೆಟ್ಟನ್ನು ಮತ್ತೆ ಕಟ್ಟಿದರು. ನಾನು ಉಕ್ಕಿನ ಅಳತೆಪಟ್ಟಿ ಇಟ್ಟೆ. ನಲವತ್ತೊಂಬತ್ತು!

'ನಲವತ್ತೊಂಬತ್ತು ಅಕ್ಕ! ಬರ್ಕೊಂಡು ಊಟ ಮಾಡಿ ಹೋಗಿ.'

ಅವರು ಪೆನ್ನು ತೆಗೆಯಲಿಲ್ಲ. ತುಟಿ ಅಲ್ಲಾಡಿಸುತ್ತ ಗುಣಿಸಿದರು. 'ನಲವತ್ತೊಂಬತ್ ನಲವತ್ತೊಂಬತ್ಲ ಎರಡ್ ಸಾವ್ರದ ನಾನೂರಾ ಒಂದು. ಒಂದು ಜಾಸ್ತಿ ಆಯ್ತಲ್ಲ?'

'ಒಂದು ತಾನೆ!'

'ಕಾಟಾದ ಮೇಲೆ ಒಂದ್ ಬಿಟ್ಟಿದ್ರೆ ನಂಗೆ ಈ ಹೆಸರು ಬರ್ತಿತ್ತಾ?'

ಹಾಗಾದರೆ ನಲವತ್ತೆಂಟು ಪಾಯಿಂಟ್ ಒಂಬತ್ತು? ತುಂಬ ಕಡಿಮೆ. ನಲವತ್ತೆಂಟು ಪಾಯಿಂಟ್ ಒಂಬತ್ತು ಎಂಟು? ಇನ್ನೂ ಕಡಿಮೆಯೇ. ಒಂಬತ್ತು ಒಂಬತ್ತು? ಕೊಂಚ ಹೆಚ್ಚು. ಗಂಟೆ ಹೊಡೆಯಿತು, ನಾನು ತರಗತಿಗೆ ಓಡಿದೆ. ಹೋಗುತ್ತ, 'ಹೀಗೇ ಒಂದೊಂದೇ ಅಂಕಿ ಸೇರಿಸ್ತಾ ಹೋಗಿ, ಸಿಗುತ್ತೆ' ಎಂದೆ. ಯೋಚನೆ ಮಾಡದೆ ಬಾಯಿಗೆ ಬಂದದ್ದನ್ನು ಹೇಳುವ ನನ್ನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಐದು ದಿನ ಬಿಟ್ಟು ಬಂದರು. ಕೈಯಲ್ಲಿ ಗಿರಣಿಯ ಹಳೆಯ ತೂಕದ ಪುಸ್ತಕ. ಅದರ ಖಾಲಿ ಹಾಳೆಗಳೆಲ್ಲ ತುಂಬಿದ್ದವು. ಎಡಗಡೆ 'ಕಮ್ಮಿ', ಬಲಗಡೆ 'ಜಾಸ್ತಿ'. ಎಡಕ್ಕೆ 48.9897, ಬಲಕ್ಕೆ 48.9898. ಅದರ ಕೆಳಗೆ ಇನ್ನೊಂದು ಅಂಕಿ, ಅದರ ಕೆಳಗೆ ಮತ್ತೊಂದು. ಎಲ್ಲವನ್ನೂ ಕೈಯಲ್ಲೇ ಗುಣಿಸಿದ್ದರು. ಲೆಕ್ಕದ ಯಂತ್ರ ಯಾಕೆ ಬಳಸಲಿಲ್ಲ ಎಂದರೆ, 'ಯಂತ್ರ ಎಂಟು ಅಂಕಿ ಆದ್ಮೇಲೆ ಸುಮ್ನಾಗತ್ತೆ. ಮುಗೀತೋ, ಸುಸ್ತಾಯ್ತೋ ಹೇಳಲ್ಲ' ಎಂದರು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಈ ಅನುಮಾನ ಬಂದದ್ದಿಲ್ಲ. ನನಗೂ ಬಂದದ್ದಿಲ್ಲ, ಅದು ಬೇರೆ ಮಾತು.

'ಇದು ಯಾವಾಗ ಮುಗಿಯುತ್ತೆ ಮೇಷ್ಟ್ರೇ? ಹೋಗ್ಲಿ, ಮೂರರಲ್ಲೊಂದು ಪಾಲಿನ ಹಾಗೆ ಹೇಳಿದ್ದೇ ಹೇಳ್ತಾ ತಿರುಗುತ್ತಾ?'

ಅಂದು ನಾನು ತಲೆ ತಗ್ಗಿಸಿ ನಿಜ ಹೇಳಿದೆ. 'ಮುಗಿಯಲ್ಲ ಅಕ್ಕ. ತಿರುಗೋದೂ ಇಲ್ಲ.'

'ಯಾರು ಹೋಗಿ ನೋಡ್ಕೊಂಡ್ ಬಂದ್ರು?'

ಹೋಗಿ ನೋಡಬೇಕಿಲ್ಲ ಎಂದು ತೋರಿಸಿದೆ. ಈ ಉದ್ದ ಆರರ ವರ್ಗಮೂಲದ ಇಪ್ಪತ್ತು ಪಟ್ಟು. ಹಾಗಾಗಿ ಆರರ ವರ್ಗಮೂಲ ಎಂಥದೆಂದು ತಿಳಿದರೆ ಸಾಕು. ಅಂಕಿಗಳು ಮುಗಿಯುವುದಾದರೆ ಅಥವಾ ತಿರುಗುವುದಾದರೆ ಅದು ಒಂದು ಭಿನ್ನರಾಶಿ ಆಗಬೇಕು, ಮೇಲೊಂದು ಪೂರ್ಣಸಂಖ್ಯೆ, ಕೆಳಗೊಂದು. ಆದಷ್ಟೂ ಸಣ್ಣ ಮಾಡಿಟ್ಟ ಭಿನ್ನರಾಶಿ ಎಂದುಕೊಳ್ಳೋಣ. ಮೇಲಿನದರ ವರ್ಗ ಕೆಳಗಿನದರ ವರ್ಗದ ಆರರಷ್ಟು. ಆದ್ದರಿಂದ ಮೇಲಿನದು ಸಮಸಂಖ್ಯೆಯೇ ಆಗಬೇಕು. ಮೇಲಿನದು ಸಮ ಎಂದು ಹಿಡಿದು ಮತ್ತೆ ಬರೆದು ನೋಡಿದರೆ ಕೆಳಗಿನದೂ ಸಮವೇ ಆಗುತ್ತದೆ.

ಅಕ್ಕ ಎರಡು ಸಲ ಬರೆಸಿ ನೋಡಿದರು. ಚಹಾ ತಣ್ಣಗಾಯಿತು. ಆಮೇಲೆ ಮೆಲ್ಲಗೆ, 'ಇಬ್ರೂ ಸಮ ಆದ್ರೆ ಇಬ್ರನ್ನೂ ಅರ್ಧ ಮಾಡ್ಬೋದು. ಆದ್ರೆ ಆಗ್ಲೇ ಸಣ್ಣ ಮಾಡಿಟ್ಟಿದೀವಿ ಅಂದ್ರಲ್ಲ' ಎಂದರು.

'ಅದೇ.'

'ಅಂದ್ರೆ ಅಂಥಾ ಭಿನ್ನರಾಶೀನೇ ಇಲ್ಲ.'

'ಇಲ್ಲ.'

ಕಾಟಾದವರ ಮುಖ ನಾನು ಅವತ್ತು ನೋಡಿದೆ. ಇಪ್ಪತ್ತೊಂಬತ್ತು ವರ್ಷ ಮುಳ್ಳು ಎಲ್ಲಿ ನಿಂತಿತೋ ಅದನ್ನು ಬರೆದುಕೊಂಡವರು. ತಮ್ಮ ಅಪ್ಪನ ಮೆಟ್ಟಿಗೆ ಬರೆದು ಮುಗಿಸುವಂಥ ಸಂಖ್ಯೆಯಿಲ್ಲ ಎಂದು ಅವರ ಮುಂದೆಯೇ ಸಾಬೀತಾಗಿತ್ತು, ಅದೂ ಅವರದೇ ಬಾಯಿಂದ.

'ಹಾಗಾದ್ರೆ ಸಪರ್‌ಗಾಲಿ ಹೇಳಿದ್ದು ಸರಿ. ಆ ಜಾಗಾನೇ ಇಲ್ಲ' ಎಂದರು.

ಇಂಥ ಹೊತ್ತಿನಲ್ಲಿ ಮೇಷ್ಟ್ರಾದವನು ಏನಾದರೂ ಹೇಳಬೇಕು. ನಾನು ಹೇಳಿದೆ: 'ಗೆರೆಯ ಮೇಲಿನ ಪ್ರತಿಯೊಂದು ಚುಕ್ಕೆಗೂ ಒಂದು ಸಂಖ್ಯೆ ಅಕ್ಕ, ಎಲ್ಲೂ ತೂತಿಲ್ಲ.'

'ಏನು ಹಾಗಂದ್ರೆ?'

'ಹಾಗಂದ್ರೆ...' ಎಂದೆ. ಮುಂದಿನ ಪುಟಕ್ಕೆ ಹೋಗೋಣ ಎನ್ನುವಂತಿರಲಿಲ್ಲ.

ಅವರು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ದೊಂಬ್ರಾ ತೊಡೆಯ ಮೇಲಿಟ್ಟು, ಮೆಟ್ಟಿನ ಗಂಟು ಸಡಿಲಿಸಿ, ಅದನ್ನು ಕತ್ತಿನ ಉದ್ದಕ್ಕೆ ನಿಧಾನವಾಗಿ ಜಾರಿಸುತ್ತ ಮೀಟತೊಡಗಿದರು. ಸ್ವರ ಬೆಟ್ಟ ಹತ್ತುವ ಹೊಗೆಬಂಡಿಯಂತೆ ಏರಿತು. ಹಿಂದಕ್ಕೆ ಜಾರಿಸಿದರು, ಇಳಿಯಿತು. ನಾಲ್ಕಾರು ಸಲ.

'ನೋಡಿ ಇಲ್ಲಿ. ಇಲ್ಲಿಂದ ಹಿಂದೆ ಎಲ್ಲಾ ಜಾಗಾನೂ ಕಮ್ಮಿ. ಇಲ್ಲಿಂದ ಮುಂದೆ ಎಲ್ಲಾನೂ ಜಾಸ್ತಿ. ದಾರ ಜಾರ್ಕೊಂಡ್ ಹೋಗ್ವಾಗ ಯಾವ ಗುಂಡೀಗೂ ಬೀಳ್ಲಿಲ್ಲ, ಅಲ್ವಾ? ಕಮ್ಮೀಲಿ ಇದ್ದಿದ್ದು ಜಾಸ್ತೀಗೆ ಹೋಯ್ತು. ಹೋಗ್ಬೇಕಾದ್ರೆ ಮಧ್ಯ ದಾಟ್ಲೇಬೇಕು. ದಾಟಿದ್ ಜಾಗ ಇಲ್ಲ ಅನ್ನಕ್ಕಾಗತ್ತಾ?' ಪುಸ್ತಕದ ಎರಡು ಕಾಲಂಗಳ ನಡುವಿನ ಗೆರೆಯ ಮೇಲೆ ಉಗುರು ಇಟ್ಟರು. 'ನಾನು ಐದು ದಿನ ಎಡಕ್ಕೆ, ಬಲಕ್ಕೆ ಬರ್ದೆ. ಇದು ಎರಡೂ ಕಡೆ ಇಲ್ಲ ಮೇಷ್ಟ್ರೇ. ಈ ಗೆರೇನೇ ಅದು. ಕಮ್ಮಿ ಇರೋರ್ನೆಲ್ಲ ಒಂದ್ ಕಡೆ, ಜಾಸ್ತಿ ಇರೋರ್ನೆಲ್ಲ ಒಂದ್ ಕಡೆ ನಿಲ್ಸಿದ್ರೆ, ಮಧ್ಯ ಉಳಿಯೋ ಗೆರೆ. ಅಂಕಿ ಅನ್ನೋವು ಅದರ ಹತ್ರಕ್ಕೆ ಬರೋ ಜನ. ಜನ ಬಂದು ಮುಗೀಲಿಲ್ಲ ಅಂತ ಮನೆ ಇಲ್ಲ ಅಂತಾರಾ?'

ವಿಶ್ವವಿದ್ಯಾಲಯದಲ್ಲಿ ಈ ಮಾತನ್ನೇ ನಾನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಐದಕ್ಕೆ ನಾಲ್ಕು ಅಂಕ ತಗೊಂಡಿದ್ದೆ. ಅರ್ಥವಾದದ್ದು ಆ ದಿನ, ಶಿಕ್ಷಕರ ಕೋಣೆಯಲ್ಲಿ, ನನ್ನ ಬಾಯಲ್ಲಿ ಎಣ್ಣೆಯಲ್ಲಿ ಕರಿದ ಅರ್ಧ ಬೌರ್ಸಾಕ್ ಇರುವಾಗ.

ಬೌರ್ಸಾಕ್ ನುಂಗಿ ಹೇಳಿದೆ: 'ಅಕ್ಕ, ಹೀಗೆ ಎಡ ಬಲದ ಮಧ್ಯ ಗೆರೆಯಾಗಿ ನಿಂತಿರೋ ಎಲ್ಲಾ ಸಂಖ್ಯೆಗೂ ಒಟ್ಟಿಗೆ ಒಂದು ಹೆಸರಿದೆ. ಪೂರ್ಣಸಂಖ್ಯೆ, ಭಿನ್ನರಾಶಿ, ಇಂಥಾ ಮುಗೀದೆ ಇರೋವು, ಎಲ್ಲಾ ಅದರಲ್ಲೇ ಬರುತ್ತೆ. ನಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಏನಂತಾರೆ ಗೊತ್ತಾ?'

'ಏನು?'

'ನಕ್ತಿ ಸಂಖ್ಯೆ.'

ಮೊದಲು ಅವರು ನಂಬಲಿಲ್ಲ. ನಾನು ಎಂಟನೇ ತರಗತಿಯ ಬೀಜಗಣಿತ ತೆಗೆದು ಪುಟ ತೋರಿಸಿದೆ. ದಪ್ಪ ಅಕ್ಷರದಲ್ಲಿ ಇತ್ತು. ಬೇರೆ ಭಾಷೆಯವರು ಇವಕ್ಕೆ ನಿಜದ ಸಂಖ್ಯೆ, ವಾಸ್ತವ ಸಂಖ್ಯೆ ಎಂದೆಲ್ಲ ಹೇಳುತ್ತಾರೆ. ನಮ್ಮ ಹಿರಿಯರು ಯಾವ ಧೈರ್ಯದಲ್ಲೋ ಸಂತೆಯ ಈ ಪದ ಎತ್ತಿ ಇಟ್ಟುಬಿಟ್ಟಿದ್ದಾರೆ. ಎಷ್ಟು ಬರೆದರೂ ನಕ್ತಿ ಬರೆಯಲಾಗದ್ದೂ ನಕ್ತಿ ಸಂಖ್ಯೆ! ಪ್ರತಿ ವರ್ಷ ಮಕ್ಕಳು ಇಲ್ಲೇ ಎಡವುತ್ತಾರೆ. 'ಆರರ ವರ್ಗಮೂಲ ನಕ್ತಿ ಸಂಖ್ಯೆಯೇ?' ಎಂದರೆ 'ಇಲ್ಲ ಸಾರ್, ಸುಮಾರು' ಎಂದು ಬರೆದು ಸೊನ್ನೆ ತಗೊಳ್ಳುತ್ತಾರೆ.

ಬಲ್ಕಿಯಾ ಅಕ್ಕ ನಗಲು ಶುರು ಮಾಡಿದರು. ಭೂಗೋಳದ ಮೇಷ್ಟ್ರು ಬಾಗಿಲಲ್ಲಿ ಇಣುಕಿ ನೋಡುವಷ್ಟು ನಕ್ಕರು. ಕಣ್ಣೊರೆಸಿಕೊಂಡು, 'ಈ ಪುಸ್ತಕ ಒಂದ್ ವಾರ ಕೊಡಿ' ಎಂದರು.

ಗಡುವಿನ ದಿನ ನನ್ನನ್ನೂ ಬಸ್ಸು ಹತ್ತಿಸಿದರು. 'ನೀವೇನೂ ಮಾತಾಡ್ಬೇಡಿ ಮೇಷ್ಟ್ರೇ, ಟೈ ಕಟ್ಕೊಂಡು ಪಕ್ಕದಲ್ಲಿ ಕೂತ್ರೆ ಸಾಕು' ಎಂಬ ಷರತ್ತಿನ ಮೇಲೆ. ಸಂಸ್ಕೃತಿ ಭವನದಲ್ಲಿ ಮೇಜಿನ ಆಚೆ ಇಬ್ಬರಿದ್ದರು: ಅಧ್ಯಕ್ಷ ಸಪರ್‌ಗಾಲಿ, ಕಾರ್ಖಾನೆಯ ಎಂಜಿನಿಯರ್ ಒರಿನ್‌ಬೆಕ್.

ನಲವತ್ತು ಅರವತ್ತರ ಮೂರರಲ್ಲಿ ಎರಡು ಪಾಲು ಎಂಬುದನ್ನು ಹಿಡಿದು ಅಕ್ಕ ನಮೂನೆ ತುಂಬಿ ಕೊಟ್ಟರು. ಸಪರ್‌ಗಾಲಿ ಓದಿದ: 'ಸ್ಥಾನ: ತಂತಿಯ ಉದ್ದ ಗುಣಿಸು ಮೂರರಲ್ಲಿ ಎರಡು ಪಾಲಿನ ವರ್ಗಮೂಲ.' ಕನ್ನಡಕ ತೆಗೆದ. 'ಅಕ್ಕ, ಇದು ಸಂಖ್ಯೆ ಅಲ್ಲ, ಇದು ಮನೆಗೆಲಸ. ಇಲ್ಲಿ ನಕ್ತಿ ಸಂಖ್ಯೆ ಬರೀಬೇಕು.'

'ಅದು ನಕ್ತಿ ಸಂಖ್ಯೇನೇ.'

'ಮುಗಿಯುತ್ತಾ ಇದು?'

'ಮುಗಿಯಲ್ಲ.'

'ಮುಗೀದೆ ಇರೋದು ನಕ್ತಿ ಹೆಂಗಾಗತ್ತಕ್ಕ?'

ಅಕ್ಕ ಪುಸ್ತಕವನ್ನು ಗುರುತಿಟ್ಟ ಪುಟದಲ್ಲಿ ತೆರೆದು ಅವನ ಮುಂದೆ ಸರಿಸಿದರು. 'ನಾನಲ್ಲಪ್ಪ ಹೇಳೋದು. ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳ್ತಾ ಇದೆ. ನೀನು ಎಂಟನೇ ಕ್ಲಾಸು ಮಾಡಿದೀಯ ತಾನೆ?'

ಸಪರ್‌ಗಾಲಿ ಓದಿದ. ಮುಂದಿನ ಪುಟ ತಿರುವಿ ಅದನ್ನೂ ಓದಿದ. ನನ್ನ ಕಡೆ ನೋಡಿದ. ನಾನು ಟೈ ಸರಿಮಾಡಿಕೊಂಡೆ.

ಎಂಜಿನಿಯರ್‌ಗೆ ಸಹನೆ ಕಡಿಮೆ. 'ಯಾಕಿಷ್ಟು ಎಳೆದಾಟ? ನನ್ನ ಗರಗಸ ಅರ್ಧ ಮಿಲಿಮೀಟರಿಗಿಂತ ಸಣ್ಣದು ಕೊಯ್ಯಲ್ಲ. ನಲವತ್ತೊಂಬತ್ತು ಅಂತ ಬರೀರಿ, ಮುಗೀತು.'

'ಕೊಯ್ಯೋದು ನಲವತ್ತೊಂಬತ್ತಕ್ಕೇ ಕೊಯ್ಯಪ್ಪ' ಎಂದರು ಅಕ್ಕ. 'ನಿನ್ನ ಗರಗಸಕ್ಕೂ ಗೊತ್ತಾಗಲ್ಲ, ನನ್ನ ಕಿವಿಗೂ ಗೊತ್ತಾಗಲ್ಲ. ನಾನು ತಕರಾರು ಮಾಡಲ್ಲ. ಆದ್ರೆ ಕಾಗದದಲ್ಲಿ ನಲವತ್ತೊಂಬತ್ತು ಅಂತ ಬರೀಬೇಡ. ನಾಳೆ ಸಣ್ಣ ಮಕ್ಕಳಿಗೆ ನಲವತ್ತೈದು ಸೆಂಟಿಮೀಟರು ತಂತೀದು ಮಾಡ್ತೀಯಲ್ಲ, ಆಗ ಮೆಟ್ಟನ್ನ ನಲವತ್ತೊಂಬತ್ತಕ್ಕೆ ಎಲ್ಲಿ ಇಡ್ತೀಯ? ಮಗೂನ ಮೂಗಿನ ಮೇಲಾ?'

ಒರಿನ್‌ಬೆಕ್ ಕಾಗದ ಎಳೆದುಕೊಂಡು ಲೆಕ್ಕ ಹಾಕಿದ. ನಲವತ್ತೈದಕ್ಕೆ ಮೂವತ್ತಾರು ಮುಕ್ಕಾಲು ಬಂತು. ಐವತ್ತೆಂಟಕ್ಕೆ ನಲವತ್ತೇಳು ಪಾಯಿಂಟ್ ಮೂರು ಆರು. ಅವನ ಹುಬ್ಬು ಇಳಿಯಿತು. 'ಇದೊಂದು ಸಾಲಲ್ಲಿ ಎಲ್ಲಾ ಅಳತೇನೂ ಬಂತು' ಎಂದ. 'ಇದೇ ಇರ್ಲಿ ಅಣ್ಣ. ಎಷ್ಟು ಬೇಕೋ ಅಷ್ಟು ನಾನು ಕತ್ತರಿಸ್ಕೋತೀನಿ.'

ಸಪರ್‌ಗಾಲಿ ಒಪ್ಪಲಿಲ್ಲ. ಕೆಟ್ಟವನಲ್ಲ ಅವನು, ಸಹಿ ಹಾಕಬೇಕಾದವನು. 'ಸಂಖ್ಯೆ ಒಪ್ಪಿದೆ. ಆದ್ರೆ ಇದೇ ಜಾಗ ಅನ್ನಕ್ಕೆ ನಿಮ್ಮ ಮಾತು ಬಿಟ್ರೆ ಏನಿದೆ? ನಿಮ್ಮಪ್ಪ ಇನ್ನೊಂದು ಕಡೆ ಕಟ್ತಿದ್ರೋ ಏನೋ.'

ಅಕ್ಕ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತರು. ಗಂಟು ಸಡಿಲಿಸಿದರು. 'ನನ್ನ ಮಾತು ಬೇಡ. ಕಣ್ಮುಚ್ಕೋ. ಮೊದಲು ಕೆಳಗಿನ ಸ್ವರ, ಆಮೇಲೆ ಮಧ್ಯದ್ದು, ಆಮೇಲೆ ಮೇಲಿನದು ಮೀಟ್ತೀನಿ. ಎರಡು ಮೆಟ್ಟಿಲು ಹತ್ತಿದ ಹಾಗೆ. ಎರಡೂ ಮೆಟ್ಟಿಲು ಸರಿಸಮ ಅನ್ಸಿದ್ರೆ ಸರಿ ಅನ್ನು. ಇಲ್ಲಾಂದ್ರೆ ಮಧ್ಯದ್ದು ಕಮ್ಮಿ, ಜಾಸ್ತಿ ಅನ್ನು.'

ಸಪರ್‌ಗಾಲಿ ಕಣ್ಣು ಮುಚ್ಚಿದ. ಅಕ್ಕ ಮೀಟಿದರು.

'ಕಮ್ಮಿ.'

ಜರುಗಿಸಿ ಮೀಟಿದರು.

'ಜಾಸ್ತಿ. ತುಂಬಾ ಜಾಸ್ತಿ.'

'ಈಗ?'

'ಕಮ್ಮಿ. ಸ್ವಲ್ಪ.'

'ಈಗ?'

'ಜಾಸ್ತಿ... ತಡೀರಿ, ಇನ್ನೊಂದ್ಸಲ. ಹೂಂ, ಜಾಸ್ತಿ.'

ಹೀಗೆ ಹತ್ತು ನಿಮಿಷ ನಡೆಯಿತು. ಪ್ರತಿ ಸಲವೂ ದಾರ ಹಿಂದಿನದಕ್ಕಿಂತ ಕಡಿಮೆ ದೂರ ಸರಿಯುತ್ತಿತ್ತು. ಎಂಜಿನಿಯರ್ ಎದ್ದು ಬಂದು ಬಗ್ಗಿ ನೋಡುತ್ತಿದ್ದ. ಕೊನೆಗೆ ಸಪರ್‌ಗಾಲಿ 'ಇನ್ನೊಮ್ಮೆ' ಎಂದ. ಅಕ್ಕ ಮತ್ತೆ ಮೀಟಿದರು. ಅವನು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದ, ಇದೇ ಸರಿ, ನಿಲ್ಲಿಸಿ ಎಂಬಂತೆ.

ಅಕ್ಕ ಗಂಟು ಬಿಗಿದರು. ಒರಿನ್‌ಬೆಕ್ ಜೇಬಿನಿಂದ ಅಳತೆಪಟ್ಟಿ ತೆಗೆದು ಇಟ್ಟ. 'ನಲವತ್ತೊಂಬತ್ತು' ಎಂದ. ಆಮೇಲೆ ತಾನೇ ತಿದ್ದಿಕೊಂಡ. 'ಅಂದ್ರೆ, ಪಟ್ಟಿಗೆ ಕಾಣೋಷ್ಟು.'

ಅಕ್ಕ ಯಾರನ್ನೂ ಕೇಳದೆ ರಾಗ ಶುರು ಮಾಡಿದರು, ಅಪ್ಪನ ಆ ಒಂಟೆ ಮರಿಯದ್ದನ್ನು. ನಡುವಿನ ಅಳು ಬಂದಾಗ ಬೆರಳು ಸಪರ್‌ಗಾಲಿ ಆರಿಸಿದ ಜಾಗದ ಮೇಲೆಯೇ ನಿಂತಿತು. ಅಳು ಸರಿಯಾಗಿ ಬಂತು. ನಾನು ಈ ರಾಗವನ್ನು ಎಷ್ಟೋ ಸಲ ಕೇಳಿದವನು. ಆದರೂ ಕಿಟಕಿಯ ಕಡೆ ತಿರುಗಿಕೊಂಡೆ.

ರಾಗ ಮುಗಿದ ಮೇಲೆ ಸಪರ್‌ಗಾಲಿ ಸಹಿ ಹಾಕಿದ. ಪಕ್ಕದ ಕೋಣೆಯ ಗುಮಾಸ್ತೆಯ ಕಂಪ್ಯೂಟರಿನಲ್ಲಿ ವರ್ಗಮೂಲದ ಚಿಹ್ನೆ ಎಲ್ಲಿದೆಯೆಂದು ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಪೆನ್ನು ತೆಗೆದು, ನಾಲಿಗೆಯ ತುದಿ ಕಚ್ಚಿಕೊಂಡು, ಆ ಚಿಹ್ನೆಯನ್ನು ನೀಟಾಗಿ ಬರೆದುಕೊಟ್ಟರು. 'ಒಂದೇ ಒಂದು ಮಾತು' ಎಂದರು ಎದ್ದು ನಿಂತು. 'ಉಳಿದ ಹತ್ತೊಂಬತ್ತನ್ನ ಲೋಹದ್ದೇ ಮಾಡ್ಕೊಳ್ಳಿ. ಇದನ್ನ ಮಾತ್ರ ದಾರದಲ್ಲಿ ಕಟ್ಟಿ. ನಿಮ್ಮ ಗರಗಸ ಹತ್ರಕ್ಕೆ ತಂದು ಬಿಡುತ್ತೆ. ಉಳಿದಿದ್ದನ್ನ ಮಗು ತನ್ನ ಕಿವೀಲಿ ತಾನೇ ಹುಡುಕ್ಕೋಬೇಕು.'

'ಎಷ್ಟು ಜನ ಮಕ್ಕಳಿಗೆ ಬರುತ್ತಕ್ಕ ಆ ಗಂಟು?' ಎಂದ ಸಪರ್‌ಗಾಲಿ.

'ಅದಕ್ಕೆ ನಾನಿಲ್ವೇನೋ? ಮಂಗಳವಾರ, ಶುಕ್ರವಾರ ಬರ್ತೀನಿ. ಬಸ್ ಚಾರ್ಜ್ ಕೊಟ್ಬಿಡು.'

ಒರಿನ್‌ಬೆಕ್ ಅಷ್ಟರಲ್ಲಿ ಅಕ್ಕ ತಂದು ಮೇಜಿನ ಮೇಲಿಟ್ಟಿದ್ದ ದಾರದ ಉಂಡೆಯಿಂದ ಒಂದು ತುಂಡು ಕತ್ತರಿಸಿಕೊಂಡು, ಅಕ್ಕನ ದೊಂಬ್ರಾದ ಕತ್ತಿಗೆ ತಾನೂ ಒಂದು ಮೆಟ್ಟು ಕಟ್ಟಿ ನೋಡುತ್ತಿದ್ದ. ಗಂಟು ಜಾರಿತು. ಮತ್ತೆ ಕಟ್ಟಿದ, ಮತ್ತೆ ಜಾರಿತು. ಅಕ್ಕ ದೊಂಬ್ರಾ ಕಿತ್ತುಕೊಳ್ಳಲಿಲ್ಲ. ಐದು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ನಾನು ಗಡಿಯಾರ ತೋರಿಸಿದೆ. 'ಇರಿ ಮೇಷ್ಟ್ರೇ' ಎಂದು ಅವರು ಮತ್ತೆ ಕುರ್ಚಿಯಲ್ಲಿ ಕೂತು, ಅವನ ದಪ್ಪ ಹೆಬ್ಬೆರಳನ್ನು ಹಿಡಿದು ದಾರದ ಕೆಳಗಿನಿಂದ ತೂರಿಸತೊಡಗಿದರು.